ಹಳೆಯ ಡೆಸ್ಕ್‌ಟಾಪ್: ಮೌಸ್ ಪಾಯಿಂಟರ್ ಹಾರುತ್ತದೆ, ಎಳೆದ ಆಯ್ಕೆ ನಡುವೆಯೇ ಕಡಿಯುತ್ತದೆ

ಡಿಟಿಪಿ ಅಂಗಡಿಯವರು, ರಾಣೆಬೆನ್ನೂರು

ಎಲ್ಲರಿಗೂ ನಮಸ್ಕಾರ. ನಮ್ಮದು ಲಗ್ನಪತ್ರಿಕೆ, ಕರಪತ್ರ, ಬಿಲ್ ಪುಸ್ತಕಗಳ ಅಕ್ಷರಜೋಡಣೆ ಮಾಡಿಕೊಡುವ ಚಿಕ್ಕ ಅಂಗಡಿ. ಕೆಲಸವೆಲ್ಲ ಇಂದಿಗೂ ನಡೆಯುವುದು ಹಳೆಯದೊಂದು ಕೋರ್ 2 ಡ್ಯುಯೋ ಡೆಸ್ಕ್‌ಟಾಪಿನಲ್ಲಿ. 32 ಬಿಟ್‌ನ ವಿಂಡೋಸ್ 7, ಪುಟ ಜೋಡಿಸುವ ಪೇಜ್‌ಮೇಕರ್ 7, ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶ, 1024×768 ರೆಸಲ್ಯೂಷನ್ನಿನ ಮಾನಿಟರ್, ಇಷ್ಟೇ ನಮ್ಮ ಬಂಡವಾಳ. ಹದಿನೈದು ವರ್ಷಗಳ ಮೂಲ ಕಡತಗಳು ಇದರಲ್ಲಿಯೇ ಇವೆ. ಅಣ್ಣನ ಮದುವೆಗೆ ಪತ್ರಿಕೆ ಮಾಡಿಸಿದವರು ತಮ್ಮನ ಮದುವೆಗೂ ಅದೇ ಮಾದರಿ ಬೇಕೆಂದು ಬರುವುದರಿಂದ ಯಂತ್ರವನ್ನು ಬದಲಿಸುವ ಮಾತು ಸದ್ಯಕ್ಕಿಲ್ಲ.

ತೊಂದರೆ ಹೀಗಿದೆ. ಏಳು ವರ್ಷ ಬಳಸಿದ ಪಿಎಸ್/2 (ಹಸಿರು ಬಣ್ಣದ ದುಂಡು ಪಿನ್ನಿನ ಹಳೆಯ ಬಗೆಯ) ಆಪ್ಟಿಕಲ್ ಮೌಸ್ ಇತ್ತೀಚೆಗೆ ಒಮ್ಮೆ ಒತ್ತಿದರೆ ಎರಡು ಬಾರಿ ಒತ್ತಿದಂತೆ ವರ್ತಿಸತೊಡಗಿತು. ಸಾಲನ್ನು ಆಯ್ದುಕೊಳ್ಳಲು ಗುಂಡಿ ಒತ್ತಿ ಎಳೆಯುತ್ತಿರುವಾಗಲೇ ಆಯ್ಕೆ ಕಡಿದುಹೋಗುತ್ತಿತ್ತು. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಡಬಲ್ ಕ್ಲಿಕ್ ವೇಗವನ್ನು ಪೂರ್ತಿ ‘ಸ್ಲೋ’ ಕಡೆಗೆ ಸರಿಸಿ ನೋಡಿದೆ, ಕಾಟ ಇನ್ನೂ ಹೆಚ್ಚಾಯಿತು. ಬೇಸತ್ತು ಹೊಸ ಯುಎಸ್‌ಬಿ ಮೌಸ್ ತಂದೆ. ಈಗ ಪಾಯಿಂಟರ್ ಕೈಗೆ ಸಿಗುವುದೇ ಇಲ್ಲ; ಸ್ವಲ್ಪ ಅಲುಗಿಸಿದರೂ ಪರದೆಯ ಈ ತುದಿಯಿಂದ ಆ ತುದಿಗೆ ಹಾರುತ್ತದೆ, ಕೈ ಬಿಟ್ಟರೂ ನಿಂತಲ್ಲಿಯೇ ನಡುಗುತ್ತದೆ. ಪ್ರಿಂಟ್ ಕೊಟ್ಟರೆ ತಾನಾಗಿಯೇ ‘ಓಕೆ’ ಗುಂಡಿಯ ಮೇಲೆ ಹೋಗಿ ಕೂರುತ್ತದೆ. ವೇಗವನ್ನು ಕಡಿಮೆ ಮಾಡಿಟ್ಟರೆ ಮರುದಿನ ಯಂತ್ರ ಚಾಲೂ ಮಾಡಿದಾಗ ಮತ್ತೆ ಮೊದಲಿನಂತೆಯೇ ಇರುತ್ತದೆ. ನಡುನಡುವೆ ಎರಡು ಮೂರು ಕ್ಷಣ ಸತ್ತಂತೆ ನಿಂತು ಆಮೇಲೆ ಓಡುತ್ತದೆ.

ನಮ್ಮ ಕೆಲಸದಲ್ಲಿ ಇದು ಸಣ್ಣ ಮಾತಲ್ಲ. ಹಳೆಯ ನುಡಿ ಫಾಂಟಿನಲ್ಲಿ ಒಂದು ಅಕ್ಷರವೆಂದರೆ ಒಂದೇ ಸಂಕೇತವಲ್ಲ. ಮೂಲಾಕ್ಷರ, ಸ್ವರಚಿಹ್ನೆ, ಒತ್ತು ಇವೆಲ್ಲ ಬೇರೆ ಬೇರೆ ತುಣುಕುಗಳಾಗಿ ಅಕ್ಕಪಕ್ಕ ಕುಳಿತಿರುತ್ತವೆ. ಮೊನ್ನೆ ಹಳೆಯ ಪತ್ರಿಕೆಯೊಂದರಲ್ಲಿ ವರನ ತಂದೆಯ ಹೆಸರನ್ನು ಬದಲಿಸುವಾಗ ಪಾಯಿಂಟರ್ ಕೂದಲೆಳೆಯಷ್ಟು ಹಿಂದೆ ನಿಂತಿತು. ‘ಬಸಪ್ಪ’ ಹೋಯಿತು, ಆದರೆ ಅದರ ಪಕಾರದ ಒತ್ತು ಉಳಿದುಕೊಂಡು, ಹೊಸದಾಗಿ ಹೊಡೆದ ‘ನಿಂಗನಗೌಡ’ದ ಡಕಾರದ ಕೆಳಗೆ ಅಂಟಿಕೊಂಡಿತು. ಅಚ್ಚಿಗೆ ಹೋಗುವ ಮೊದಲು ಕಣ್ಣಿಗೆ ಬಿದ್ದದ್ದು ನಮ್ಮ ಪುಣ್ಯ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.


ದುರಸ್ತಿ ಕೆಲಸದವರು, ಹುಬ್ಬಳ್ಳಿ

ಸರ್, ನೀವು ಬರೆದಿರುವುದು ಒಂದು ತೊಂದರೆಯಲ್ಲ, ಕನಿಷ್ಠ ನಾಲ್ಕು ಬೇರೆ ಬೇರೆ ತೊಂದರೆಗಳು ಒಂದರ ಮೇಲೊಂದು ಬಂದು ಕುಳಿತಿವೆ. ಎಲ್ಲವನ್ನೂ ಒಟ್ಟಿಗೆ ತಿದ್ದಲು ಹೋದರೆ ಯಾವುದರಿಂದ ಯಾವುದು ಸರಿಹೋಯಿತೆಂದು ಗೊತ್ತಾಗುವುದಿಲ್ಲ. ಆದ್ದರಿಂದ ಸದ್ಯಕ್ಕೆ ಸೆಟ್ಟಿಂಗ್‌ಗಳನ್ನು ಮುಟ್ಟಬೇಡಿ. ಮೊದಲು ಮೌಸನ್ನೇ ಪರೀಕ್ಷಿಸೋಣ.

ಪೇಂಟ್ ತೆರೆದು ಪೆನ್ಸಿಲ್ ಆಯ್ದುಕೊಳ್ಳಿ. ಎಡಗುಂಡಿಯನ್ನು ಒತ್ತಿ ಹಿಡಿದು ಪರದೆಯ ಎಡತುದಿಯಿಂದ ಬಲತುದಿಯವರೆಗೆ ನಿಧಾನವಾಗಿ ಒಂದು ಗೆರೆ ಎಳೆಯಿರಿ. ಬೆರಳನ್ನು ಎತ್ತದಿದ್ದರೂ ಗೆರೆ ನಡುವೆ ಕಡಿದರೆ ದೋಷ ಗುಂಡಿಯ ಕೆಳಗಿರುವ ಮೈಕ್ರೋ ಸ್ವಿಚ್ಚಿನದು. ಅದರೊಳಗೆ ಚಿಕ್ಕದೊಂದು ಲೋಹದ ಎಲೆ ಇರುತ್ತದೆ. ಲಕ್ಷಾಂತರ ಸಲ ಬಾಗಿ ಬಾಗಿ ಅದರ ಬಿಗಿ ಸಡಿಲಗೊಂಡಾಗ ಅಥವಾ ಸಂಪರ್ಕದ ಜಾಗದಲ್ಲಿ ಕಿಲುಬು ಹಿಡಿದಾಗ ಬೆರಳು ಒತ್ತಿಯೇ ಇದ್ದರೂ ಒಳಗೆ ಸಂಪರ್ಕ ತಪ್ಪಿ ಮತ್ತೆ ಸೇರುತ್ತದೆ. ಕಂಪ್ಯೂಟರಿಗೆ ಅದು ಎರಡು ಕ್ಲಿಕ್ಕಿನಂತೆ ಕಾಣುತ್ತದೆ. ಗೆರೆ ಕಡಿಯದೆ ಬಂದರೂ ಗರಗಸದ ಹಲ್ಲಿನಂತೆ ನಡುಗಿದ್ದರೆ ಅದು ಮೌಸ್ ಓಡಾಡುವ ನೆಲದ ದೋಷ. ಇದನ್ನು ಎರಡೂ ಮೌಸ್‌ಗಳಲ್ಲಿ ಮಾಡಿ ತಿಳಿಸಿ. ಹಳೆಯದನ್ನು ಸಿಕ್ಕಿಸುವ ಮೊದಲು ಯಂತ್ರವನ್ನು ಪೂರ್ತಿ ಆರಿಸಿ, ಏಕೆಂದರೆ ಪಿಎಸ್/2 ಪೋರ್ಟ್ ಚಾಲೂ ಇರುವಾಗ ತೆಗೆದು ಹಾಕುವುದಕ್ಕೆಂದು ಮಾಡಿದ್ದಲ್ಲ. ಚಾಲೂ ಇದ್ದಾಗ ಹಾಕಿದರೆ ಎಷ್ಟೋ ಸಲ ಮೌಸ್ ಪತ್ತೆಯಾಗುವುದೇ ಇಲ್ಲ, ಜನ ಅದು ಸತ್ತಿತೆಂದು ಎಸೆದುಬಿಡುತ್ತಾರೆ.

ಇನ್ನೊಂದು ವಿಷಯ: ನಿಮ್ಮ ಮೌಸ್ ಯಾವುದರ ಮೇಲೆ ಓಡಾಡುತ್ತಿದೆ?


ತಂತ್ರಾಂಶ ಎಂಜಿನಿಯರ್, ಬೆಂಗಳೂರು

ಡಬಲ್ ಕ್ಲಿಕ್ ವೇಗವನ್ನು ‘ಸ್ಲೋ’ ಮಾಡಿದಾಗ ಕಾಟ ಹೆಚ್ಚಿದ್ದು ಏಕೆಂದು ವಿವರಿಸುತ್ತೇನೆ, ಏಕೆಂದರೆ ಆ ಸರಳುಪಟ್ಟಿಯನ್ನು (ಸ್ಲೈಡರ್) ಬಹಳ ಜನ ತಿರುಗುಮುರುಗಾಗಿ ಅರ್ಥಮಾಡಿಕೊಂಡಿದ್ದಾರೆ. ಅದು ಎರಡು ಕ್ಲಿಕ್ಕುಗಳ ನಡುವೆ ಗರಿಷ್ಠ ಎಷ್ಟು ಸಮಯ ಇದ್ದರೆ ಅವೆರಡನ್ನೂ ಸೇರಿಸಿ ಡಬಲ್ ಕ್ಲಿಕ್ ಎಂದು ಎಣಿಸಬೇಕು ಎಂಬುದನ್ನು ಹೇಳುತ್ತದೆ. ವಿಂಡೋಸ್ ತಾನಾಗಿ ಇಡುವುದು 500 ಮಿಲಿಸೆಕೆಂಡ್. ಸರಳುಪಟ್ಟಿಯಲ್ಲಿ ಅದನ್ನು 200ರಿಂದ 900ರವರೆಗೆ ಬದಲಿಸಬಹುದು. ‘ಸ್ಲೋ’ ಎಂದರೆ 900. ಅಂದರೆ ನೀವು ಬೇಕೆಂದೇ ಬಿಡಿಬಿಡಿಯಾಗಿ ಮಾಡಿದ ಎರಡು ಕ್ಲಿಕ್ಕುಗಳನ್ನೂ ಅದು ಜೋಡಿ ಮಾಡಿಬಿಡುತ್ತದೆ. ಹಾಗೆಂದು ‘ಫಾಸ್ಟ್’ ಕಡೆಗೆ ಇಟ್ಟರೆ ಸ್ವಿಚ್ಚಿನ ದೋಷ ಮರೆಯಾಗುತ್ತದೆಯೇ ಎಂದರೆ ಅದೂ ಇಲ್ಲ. ಸವೆದ ಸ್ವಿಚ್ ಕುಣಿಯುವುದು ಕೆಲವೇ ಮಿಲಿಸೆಕೆಂಡುಗಳಲ್ಲಿ, 200ಕ್ಕಿಂತ ಬಹಳ ಕೆಳಗೆ. ಆದ್ದರಿಂದ ಅದನ್ನು ನಡುವಿಗೆ ತಂದಿಟ್ಟುಬಿಡಿ. ಸವೆದ ಸ್ವಿಚ್ಚಿಗೆ ಸೆಟ್ಟಿಂಗ್‌ನಲ್ಲಿ ಔಷಧವಿಲ್ಲ.


ನಿವೃತ್ತ ಅಧ್ಯಾಪಕಿ, ಶಿವಮೊಗ್ಗ

ಪಾಯಿಂಟರ್ ತಾನಾಗಿ ‘ಓಕೆ’ ಮೇಲೆ ಹೋಗಿ ಕೂರುವುದು ದೋಷವಲ್ಲ, ಅದೊಂದು ಸೌಲಭ್ಯ. ಅದರ ಹೆಸರು ‘ಸ್ನ್ಯಾಪ್ ಟು’. ಯಾರೋ ಅದಕ್ಕೆ ಟಿಕ್ ಹಾಕಿದ್ದಾರೆ. ಕೈ ನಡುಗುವ ನನ್ನಂಥವರಿಗೆ ಅದು ನಿಜವಾಗಿಯೂ ಉಪಕಾರಿ, ನಾನು ಅದನ್ನು ಇಟ್ಟುಕೊಂಡಿದ್ದೇನೆ. ಆದರೆ ಪ್ರಿಂಟ್ ಕೊಡುವ ಮುನ್ನ ಪ್ರತಿಗಳ ಸಂಖ್ಯೆಯನ್ನು ತಿದ್ದುವ ನಿಮ್ಮಂಥವರಿಗೆ ಅಪಾಯಕಾರಿ.

ಪಾಯಿಂಟರ್ ಹಾರಾಡುತ್ತಿರುವಾಗ ಮೌಸಿನಿಂದಲೇ ಅದರ ಸೆಟ್ಟಿಂಗ್ ಬದಲಿಸಲು ಹೆಣಗಬೇಡಿ, ಕೀಲಿಮಣೆಯಿಂದಲೇ ಹೋಗಬಹುದು. ವಿಂಡೋಸ್ ಕೀಲಿಯೊಂದಿಗೆ ‘ಆರ್’ ಒತ್ತಿದಾಗ ಬರುವ ರನ್ ಪೆಟ್ಟಿಗೆಯಲ್ಲಿ ಮೇನ್ ಡಾಟ್ ಸಿಪಿಎಲ್ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಎಂಟರ್ ಕೊಟ್ಟರೆ ಮೌಸ್ ಪುಟ ನೇರವಾಗಿ ತೆರೆಯುತ್ತದೆ. ಕಂಟ್ರೋಲ್ ಮತ್ತು ಟ್ಯಾಬ್ ಒತ್ತುತ್ತ ‘ಪಾಯಿಂಟರ್ ಆಪ್ಷನ್ಸ್’ಗೆ ಬನ್ನಿ, ಟ್ಯಾಬ್‌ನಿಂದ ಒಂದೊಂದೇ ಸಾಲಿಗೆ ಇಳಿಯಿರಿ, ಬಾಣದ ಕೀಲಿಗಳಿಂದ ವೇಗವನ್ನು ಸರಿಸಿ, ಸ್ಪೇಸ್ ಕೀಲಿಯಿಂದ ಟಿಕ್ ತೆಗೆಯಿರಿ. ಮೌಸ್ ಪೂರ್ತಿ ಕೈಕೊಟ್ಟ ದಿನ ಎಡಗಡೆಯ ಆಲ್ಟ್, ಎಡಗಡೆಯ ಶಿಫ್ಟ್ ಮತ್ತು ನಮ್ ಲಾಕ್ ಮೂರನ್ನೂ ಒಟ್ಟಿಗೆ ಒತ್ತಿ ಒಪ್ಪಿಗೆ ಕೊಟ್ಟರೆ ಬಲಬದಿಯ ಅಂಕಿ ಕೀಲಿಗಳೇ ಪಾಯಿಂಟರನ್ನು ಓಡಿಸುತ್ತವೆ, 5 ಒತ್ತಿದರೆ ಕ್ಲಿಕ್. ನಿಧಾನ, ಆದರೆ ಗಿರಾಕಿ ಎದುರಿಗೆ ನಿಂತಿರುವಾಗ ಕೆಲಸ ನಿಲ್ಲುವುದಿಲ್ಲ.


ಡಿಟಿಪಿ ಅಂಗಡಿಯವರು, ರಾಣೆಬೆನ್ನೂರು

ಎಲ್ಲರಿಗೂ ಧನ್ಯವಾದ. ಪರೀಕ್ಷೆ ಮಾಡಿದೆ. ಹಳೆಯ ಮೌಸಿನಲ್ಲಿ ಎಳೆದ ಒಂದೇ ಗೆರೆ ಮೂರು ಕಡೆ ಕಡಿಯಿತು. ಸ್ವಿಚ್ಚಿನ ದೋಷವೆಂಬುದರಲ್ಲಿ ಇನ್ನು ಸಂಶಯವಿಲ್ಲ. ಹೊಸದರ ಗೆರೆ ಒಮ್ಮೆಯೂ ಕಡಿಯಲಿಲ್ಲ, ಆದರೆ ಹಲ್ಲುಹಲ್ಲಾಗಿ ಬಂತು. ‘ಸ್ನ್ಯಾಪ್ ಟು’ ಟಿಕ್ ತೆಗೆದ ಕೂಡಲೇ ಪ್ರಿಂಟ್ ಪೆಟ್ಟಿಗೆಯ ಆಟ ನಿಂತಿತು. ಮೇಡಂ, ಕೀಲಿಮಣೆಯ ದಾರಿ ಗೊತ್ತಿರಲಿಲ್ಲ. ನಮ್ಮ ಹುಡುಗನಿಗೂ ಕಲಿಸಿದೆ.

ಮೇಜಿನ ಬಗ್ಗೆ ಕೇಳಿದ್ದಿರಿ. ನಮ್ಮ ಮೇಜಿಗೆ ಗಾಜು ಹಾಸಿದೆ. ಅದರ ಕೆಳಗೆ ದರಪಟ್ಟಿ, ಕಾರ್ಡಿನ ನಮೂನೆಗಳು, ಈ ವರ್ಷದ ಕ್ಯಾಲೆಂಡರ್ ಇವೆ. ಹಳೆಯ ಮೌಸಿಗೆ ರಬ್ಬರಿನ ಪ್ಯಾಡ್ ಇತ್ತು, ಅಂಚು ಸುರುಳಿಯಾಗಿದ್ದರಿಂದ ಹೊಸ ಮೌಸ್ ತಂದ ದಿನವೇ ಅದನ್ನೂ ತೆಗೆದಿಟ್ಟೆ.


ದುರಸ್ತಿ ಕೆಲಸದವರು, ಹುಬ್ಬಳ್ಳಿ

ನಡುಕದ ಕಾರಣ ಸಿಕ್ಕಿತು. ಆಪ್ಟಿಕಲ್ ಮೌಸ್ ತನ್ನ ಹೊಟ್ಟೆಯ ಕೆಳಗಿನ ನೆಲಕ್ಕೆ ಬೆಳಕು ಬಿಟ್ಟು, ಒಂದು ಪುಟ್ಟ ಕ್ಯಾಮೆರಾದಿಂದ ಪ್ರತಿ ಸೆಕೆಂಡಿಗೆ ನೂರಾರು, ಸಾವಿರಾರು ಚಿತ್ರ ತೆಗೆದು, ಒಂದು ಚಿತ್ರದಿಂದ ಇನ್ನೊಂದಕ್ಕೆ ನೆಲದ ಒರಟು ಎಷ್ಟು ಸರಿಯಿತೆಂದು ಹೋಲಿಸಿ ಲೆಕ್ಕ ಹಾಕುತ್ತದೆ. ಗಾಜಿನ ಮೇಲೆ ಅದಕ್ಕೆ ಹಿಡಿತಕ್ಕೆ ಸಿಗುವ ಒರಟೇ ಇಲ್ಲ, ಬೆಳಕು ಒಳಗೆ ಇಳಿದುಹೋಗುತ್ತದೆ ಇಲ್ಲವೇ ಪ್ರತಿಫಲಿಸುತ್ತದೆ. ಹೊಸ ಪ್ಯಾಡ್ ತರುವವರೆಗೆ, ಮಿರುಗದ, ಬರಹವಿಲ್ಲದ ದಪ್ಪ ಕಾಗದವೊಂದನ್ನು ಕೆಳಗಿಡಿ. ನಿಮ್ಮಲ್ಲಿ ಕಾರ್ಡಿನ ರಟ್ಟಿಗೆ ಬರವೇ ಇರಲಾರದು.

ಹಳೆಯ ಮೌಸನ್ನು ಎಸೆಯಬೇಡಿ. ಮೈಕ್ರೋ ಸ್ವಿಚ್ ಬಿಡಿಭಾಗವಾಗಿ ಸಿಗುತ್ತದೆ, ಮೂರು ಕಾಲುಗಳ ಬೆಸುಗೆ ಬಿಡಿಸಿ ಹೊಸದನ್ನು ಕೂರಿಸಿದರೆ ಸಾಕು. ಅಷ್ಟೂ ಬೇಡವೆಂದರೆ ಅದೇ ಮೌಸಿನ ಬಲಗುಂಡಿಯ ಸ್ವಿಚ್ ಬಹುಮಟ್ಟಿಗೆ ಹೊಸದರಂತೆಯೇ ಇರುತ್ತದೆ. ಎಡ ಬಲ ಅದಲುಬದಲು ಮಾಡಬಹುದು. ಕೆಲವರು ಸಂದಿಯಲ್ಲಿ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಸರಿಯಾಯಿತೆನ್ನುತ್ತಾರೆ. ನಾನು ಕಂಡಂತೆ ಅದು ಕೆಲವು ವಾರಗಳ ಮಾತು.


ತಂತ್ರಾಂಶ ಎಂಜಿನಿಯರ್, ಬೆಂಗಳೂರು

ಈಗ ವೇಗದ ಲೆಕ್ಕಕ್ಕೆ ಬರೋಣ. ನಿಮ್ಮ ಪಾಯಿಂಟರ್ ವೇಗದ ಸರಳುಪಟ್ಟಿ ಎಷ್ಟನೆಯ ಗೀಟಿನ ಮೇಲಿದೆ, ‘ಎನ್‌ಹಾನ್ಸ್ ಪಾಯಿಂಟರ್ ಪ್ರಿಸಿಷನ್’ (ಕೈಯ ವೇಗಕ್ಕೆ ತಕ್ಕಂತೆ ಪಾಯಿಂಟರಿನ ಓಟವನ್ನು ಬದಲಿಸುವ ಸೌಲಭ್ಯ) ಟಿಕ್ ಆಗಿದೆಯೇ, ಹೊಸ ಮೌಸಿನ ಡಬ್ಬಿಯ ಮೇಲೆ ಡಿಪಿಐ ಎಷ್ಟೆಂದು ಬರೆದಿದೆ? ಎಡದಿಂದ ಎಣಿಸಿದರೆ ಒಟ್ಟು 11 ಗೀಟುಗಳು ಇರುತ್ತವೆ.


ಡಿಟಿಪಿ ಅಂಗಡಿಯವರು, ರಾಣೆಬೆನ್ನೂರು

ಎಂಟನೆಯ ಗೀಟು. ಪ್ರಿಸಿಷನ್ ಟಿಕ್ ಇಲ್ಲ. ಹೊಸದರ ಡಬ್ಬಿಯ ಮೇಲೆ 1000 ಎಂದಿದೆ. ಹಳೆಯದರ ತಳದ ಚೀಟಿಯಲ್ಲಿ 400 ಎಂದು ಕಷ್ಟಪಟ್ಟು ಓದಿದೆ.


ತಂತ್ರಾಂಶ ಎಂಜಿನಿಯರ್, ಬೆಂಗಳೂರು

ಹಾಗಿದ್ದರೆ ನಿಮ್ಮ ಹೊಸ ಮೌಸಿನಲ್ಲಿ ದೋಷವೇ ಇಲ್ಲ. ಡಿಪಿಐ ಎಂದರೆ ಕೈ ಒಂದು ಇಂಚು ಸರಿದಾಗ ಮೌಸ್ ಎಷ್ಟು ಹೆಜ್ಜೆ ಎಣಿಸಿ ಕಂಪ್ಯೂಟರಿಗೆ ಕಳಿಸುತ್ತದೆ ಎಂಬುದು. ವಿಂಡೋಸ್‌ನಲ್ಲಿ ಪ್ರಿಸಿಷನ್ ಟಿಕ್ ಇಲ್ಲದಿದ್ದಾಗ ಆರನೆಯ ಗೀಟಿನಲ್ಲಿ ಒಂದು ಹೆಜ್ಜೆಗೆ ಒಂದು ಪಿಕ್ಸೆಲ್. ಎಂಟನೆಯದರಲ್ಲಿ ಒಂದಕ್ಕೆ ಎರಡು. ಐದನೆಯದರಲ್ಲಿ ಮುಕ್ಕಾಲು, ನಾಲ್ಕನೆಯದರಲ್ಲಿ ಅರ್ಧ. ಹಳೆಯ ಮೌಸ್ 400 ಹೆಜ್ಜೆ ಕೊಡುತ್ತಿತ್ತು, ವಿಂಡೋಸ್ ಅದನ್ನು ಇಮ್ಮಡಿ ಮಾಡುತ್ತಿತ್ತು, ಇಂಚಿಗೆ 800 ಪಿಕ್ಸೆಲ್. ನಿಮ್ಮ ಕೈ ಏಳು ವರ್ಷ ಪಳಗಿದ್ದು ಆ ಅಳತೆಗೆ. ಆ ಗೀಟು ಮೌಸಿಗೆ ಸೇರಿದ್ದಲ್ಲ, ನಿಮ್ಮ ವಿಂಡೋಸ್ ಖಾತೆಗೆ ಸೇರಿದ್ದು. ಮೌಸ್ ಬದಲಾದರೂ ಅದು ಹಾಗೆಯೇ ಉಳಿಯಿತು. ಹೀಗಾಗಿ ಹೊಸ ಮೌಸಿನ 1000 ಹೆಜ್ಜೆಗಳೂ ಇಮ್ಮಡಿಯಾಗಿ ಇಂಚಿಗೆ 2000 ಪಿಕ್ಸೆಲ್ ಆಯಿತು. ನಿಮ್ಮ ಪರದೆಯ ಅಗಲವೇ 1024. ಅರ್ಧ ಇಂಚು ಸರಿಸಿದರೆ ಪರದೆ ಮುಗಿಯುತ್ತದೆ.

ಐದನೆಯ ಗೀಟಿಗೆ ತಂದರೆ ಇಂಚಿಗೆ 750 ಪಿಕ್ಸೆಲ್ ಆಗುತ್ತದೆ, ಹಳೆಯ ಅಳತೆಗೆ ಬಹಳ ಹತ್ತಿರ. ಇದರಲ್ಲಿ ಇನ್ನೊಂದು ಲಾಭವೂ ಇದೆ, ನನ್ನ ಮಟ್ಟಿಗೆ ಅದೇ ಮುಖ್ಯವಾದದ್ದು. ಎಂಟನೆಯ ಗೀಟಿನಲ್ಲಿ ಪಾಯಿಂಟರ್ ಎರಡೆರಡು ಪಿಕ್ಸೆಲ್ ಕುಪ್ಪಳಿಸುತ್ತದೆ, ನಡುವಿನ ಪಿಕ್ಸೆಲ್ ಮೇಲೆ ಅದನ್ನು ನಿಲ್ಲಿಸಲು ಯಾರಿಂದಲೂ ಆಗದು. ನಿಮ್ಮ ಒತ್ತಕ್ಷರ ಕೈತಪ್ಪಿದ್ದರಲ್ಲಿ ಇದರ ಪಾಲೂ ಇರಬಹುದು.


ಅಕ್ಷರಜೋಡಣೆ ಮಾಡುವವರು, ಶಿರಸಿ

ನಾನು ಇಪ್ಪತ್ತು ವರ್ಷದಿಂದ ಪೇಜ್‌ಮೇಕರ್‌ನಲ್ಲಿ ಕೆಲಸ ಮಾಡುತ್ತಿರುವ ಹೆಣ್ಣುಮಗಳು. ಪ್ರಿಸಿಷನ್ ಟಿಕ್ ಬೇಡವೆಂಬ ಮಾತನ್ನು ಎಲ್ಲ ಕಡೆ ಕೇಳುತ್ತೇನೆ, ಅದನ್ನು ಹೇಳುವವರು ಹೆಚ್ಚಾಗಿ ಆಟ ಆಡುವವರು. ಅದು ಟಿಕ್ ಆಗಿದ್ದಾಗ ಕೈ ನಿಧಾನವಾಗಿ ಸರಿದರೆ ಪಾಯಿಂಟರ್ ಇನ್ನೂ ನಿಧಾನವಾಗಿ ಸರಿಯುತ್ತದೆ, ಬೀಸಿದರೆ ದೂರ ಹೋಗುತ್ತದೆ. ಗೈಡ್ ಗೆರೆಯನ್ನು ಕೂರಿಸುವಾಗ ನನಗೆ ಅದೇ ಹಿತ. ದಯವಿಟ್ಟು ಎರಡನ್ನೂ ಒಂದೊಂದು ದಿನ ಬಳಸಿ ನೋಡಿ, ಆಮೇಲೆ ತೀರ್ಮಾನಿಸಿ.

ಆದರೆ ಒತ್ತಿನ ತುಣುಕನ್ನು ಮೌಸಿನಿಂದ ಹಿಡಿಯಲು ಹೋಗುವುದೇ ಬೇಡ. ಹೆಸರಿನ ಮೊದಲಿಗೆ ಕರ್ಸರ್ ಇಟ್ಟು, ಶಿಫ್ಟ್ ಒತ್ತಿ ಹಿಡಿದು ಬಲಬಾಣವನ್ನು ಒಂದೊಂದೇ ಸಲ ಒತ್ತಿರಿ. ಬಾಣದ ಕೀಲಿಯನ್ನು ಒತ್ತಿದ ಪ್ರತಿ ಸಲವೂ ಒಂದು ತುಣುಕು ಆಯ್ಕೆಗೆ ಸೇರುತ್ತದೆ. ‘ಪ್ಪ’ ಬಂದಾಗ ಅಕ್ಷರ ಮುಗಿಯಿತೆಂದು ಅಲ್ಲಿಗೇ ನಿಲ್ಲಿಸಬೇಡಿ, ಒತ್ತಿಗೆಂದು ಇನ್ನೊಂದು ಸಲ ಒತ್ತಬೇಕು. ನಮ್ಮಲ್ಲಿ ಹೊಸದಾಗಿ ಸೇರಿದ ಹುಡುಗಿಯರಿಗೆ ನಾನು ಮೊದಲ ವಾರ ಕಲಿಸುವುದು ಇದನ್ನೇ.


ತಂತ್ರಾಂಶ ಎಂಜಿನಿಯರ್, ಬೆಂಗಳೂರು

ಮೇಡಂ ಹೇಳಿದ್ದನ್ನು ಒಪ್ಪುತ್ತೇನೆ. ಟಿಕ್ ತೆಗೆದರೆ ಕೈಯ ಅಳತೆ ಯಾವಾಗಲೂ ಒಂದೇ ಇರುತ್ತದೆ ಎಂಬ ಕಾರಣಕ್ಕೆ ನಾನು ಅದನ್ನು ಹೇಳುತ್ತೇನೆಯೇ ಹೊರತು ಅದು ಎಲ್ಲರಿಗೂ ಸರಿ ಎಂದಲ್ಲ. ಒಂದು ಎಚ್ಚರಿಕೆ ಮಾತ್ರ: ಟಿಕ್ ಹಾಕಿದರೆ ನಾನು ಕೊಟ್ಟ ಗೀಟಿನ ಲೆಕ್ಕ ಅನ್ವಯಿಸುವುದಿಲ್ಲ.

ಮರುದಿನ ವೇಗ ಹಿಂದಿರುಗುವುದಕ್ಕೆ ಬೇರೆ ಕಾರಣ ಇರಬೇಕು. ಹಿಂದೆ ಯಾವುದಾದರೂ ಮೌಸಿನ ಜೊತೆ ಬಂದ ಸಿಡಿಯಿಂದ ತಂತ್ರಾಂಶ ಹಾಕಿದ್ದಿರಾ? ರನ್ ಪೆಟ್ಟಿಗೆಯಲ್ಲಿ ಎಂಎಸ್‌ಕಾನ್ಫಿಗ್ ಎಂದು ಬರೆದು ‘ಸ್ಟಾರ್ಟಪ್’ ಪುಟವನ್ನು ನೋಡಿ. ಅಂಥ ತಂತ್ರಾಂಶಗಳು ಯಂತ್ರ ಚಾಲೂ ಆದಾಗಲೆಲ್ಲ ತಮ್ಮಲ್ಲಿ ಬರೆದಿಟ್ಟುಕೊಂಡ ವೇಗವನ್ನೇ ಮತ್ತೆ ಹೇರುತ್ತವೆ. ಖಚಿತಪಡಿಸಿಕೊಳ್ಳಲು ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಟ್ಟುಕೊಳ್ಳುವ ಜಾಗ) ನಿಮ್ಮ ಖಾತೆಯ ‘ಕಂಟ್ರೋಲ್ ಪ್ಯಾನೆಲ್’ ಕೆಳಗಿನ ‘ಮೌಸ್’ ಕೀಲಿಯಲ್ಲಿ ‘ಮೌಸ್ ಸೆನ್ಸಿಟಿವಿಟಿ’ ಎಂಬ ಬೆಲೆಯನ್ನು ಓದಬಹುದು. ಐದನೆಯ ಗೀಟಿಗೆ ಅದು 8, ಆರನೆಯದಕ್ಕೆ 10, ಎಂಟನೆಯದಕ್ಕೆ 14. ರಾತ್ರಿ 8 ಇದ್ದದ್ದು ಬೆಳಗ್ಗೆ 14 ಆಗಿದ್ದರೆ ಯಾರೋ ಬರೆದಿದ್ದಾರೆಂದೇ ಅರ್ಥ. ಓದಿ ನೋಡಿ ಸಾಕು, ಅಲ್ಲಿ ಏನನ್ನೂ ತಿದ್ದಬೇಡಿ.

ನಡುನಡುವೆ ನಿಲ್ಲುವುದಕ್ಕೆ ಪವರ್ ಆಪ್ಷನ್ಸ್‌ನ ಮುಂದುವರಿದ ಸೆಟ್ಟಿಂಗ್‌ಗಳಲ್ಲಿ ‘ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್’ (ಬಳಸದಿರುವ ಯುಎಸ್‌ಬಿ ಸಾಧನವನ್ನು ವಿದ್ಯುತ್ ಉಳಿಸಲು ಮಲಗಿಸುವ ವ್ಯವಸ್ಥೆ) ಎಂಬುದನ್ನು ನಿಷ್ಕ್ರಿಯಗೊಳಿಸಿ ನೋಡಿ.


ಡಿಟಿಪಿ ಅಂಗಡಿಯವರು, ರಾಣೆಬೆನ್ನೂರು

ಸಿಕ್ಕಿತು. ಈಗಿನ ಹಳೆಯ ಮೌಸಿಗೂ ಮೊದಲಿದ್ದ ಮತ್ತೊಂದು ಮೌಸಿನ ತಂತ್ರಾಂಶ ಇನ್ನೂ ಸ್ಟಾರ್ಟಪ್‌ನಲ್ಲಿ ಕುಳಿತಿತ್ತು. ಆ ಮೌಸ್ ಎಲ್ಲಿ ಹೋಯಿತೋ ನೆನಪೇ ಇಲ್ಲ. ಸಂಜೆ 8 ಎಂದು ಓದಿ ಯಂತ್ರ ಆರಿಸಿದೆ, ಬೆಳಗ್ಗೆ 14 ಆಗಿತ್ತು. ‘ಪ್ರೋಗ್ರಾಮ್ಸ್ ಅಂಡ್ ಫೀಚರ್ಸ್’ನಿಂದ ಆ ತಂತ್ರಾಂಶವನ್ನು ತೆಗೆದುಹಾಕಿ, ಮತ್ತೆ ಐದನೆಯ ಗೀಟಿಗೆ ತಂದು ಎರಡು ಸಲ ಆರಿಸಿ ಚಾಲೂ ಮಾಡಿದೆ. 8 ಎಂದೇ ಉಳಿದಿದೆ.

ಸೆಲೆಕ್ಟಿವ್ ಸಸ್ಪೆಂಡ್ ತೆಗೆದದ್ದರಿಂದ ಏನೂ ವ್ಯತ್ಯಾಸವಾಗಲಿಲ್ಲ. ಆದರೆ ಇಂದು ಗಮನಿಸಿ ನೋಡಿದಾಗ ತಿಳಿಯಿತು, ಮೌಸ್ ನಿಲ್ಲುವುದು ಗಿರಾಕಿಗಳ ಪೆನ್‌ಡ್ರೈವ್ ಹಾಕುವಾಗ ಮತ್ತು ತೆಗೆಯುವಾಗ. ಮೌಸ್, ಪೆನ್‌ಡ್ರೈವ್ ಎರಡೂ ಮುಂಭಾಗದ ಅಕ್ಕಪಕ್ಕದ ಪೋರ್ಟುಗಳಲ್ಲಿವೆ.


ದುರಸ್ತಿ ಕೆಲಸದವರು, ಹುಬ್ಬಳ್ಳಿ

ಅಲ್ಲಿಯೇ ಉತ್ತರವಿದೆ. ಮುಂಭಾಗದ ಪೋರ್ಟುಗಳು ಮದರ್‌ಬೋರ್ಡಿಗೆ ನೇರವಾಗಿ ಕೂಡಿರುವುದಿಲ್ಲ, ಒಳಗೆ ತೆಳುವಾದ ತಂತಿಯೊಂದರ ಮೂಲಕ ಹೋಗಿರುತ್ತವೆ. ವರ್ಷಗಟ್ಟಲೆ ಪೆನ್‌ಡ್ರೈವ್ ಹಾಕಿ ತೆಗೆದು ಅವು ಸಡಿಲಗೊಂಡಿರುತ್ತವೆ, ಪಕ್ಕದ್ದನ್ನು ಅಲುಗಿಸಿದರೆ ಮೌಸಿನ ಸಂಪರ್ಕವೂ ಒಮ್ಮೆ ತಪ್ಪುತ್ತದೆ. ಮೌಸನ್ನು ಹಿಂಭಾಗದಲ್ಲಿ, ಮದರ್‌ಬೋರ್ಡಿನ ಮೇಲೆಯೇ ಇರುವ ಪೋರ್ಟಿಗೆ ಹಾಕಿ. ಹಸಿರು ಪಿಎಸ್/2 ಪೋರ್ಟಿಗೆ ಅಡಾಪ್ಟರ್ ಹಾಕಿ ಸಿಕ್ಕಿಸುವ ಯೋಚನೆ ಬಂದರೆ ಹೇಳಿಬಿಡುತ್ತೇನೆ: ಆ ಅಡಾಪ್ಟರ್ ಬರೀ ಪಿನ್ನುಗಳ ಜೋಡಣೆಯನ್ನು ಬದಲಿಸುತ್ತದೆ, ಎರಡೂ ಭಾಷೆ ಬಲ್ಲ ಮೌಸ್ ಆಗಿದ್ದರೆ ಮಾತ್ರ ನಡೆಯುತ್ತದೆ. ಈಗಿನ ಬಹಳಷ್ಟು ಮೌಸ್‌ಗಳಿಗೆ ಆ ಹಳೆಯ ಭಾಷೆ ಬರುವುದಿಲ್ಲ.

ಮೌಸಿನ ವಿಷಯವಲ್ಲದಿದ್ದರೂ ಒಂದು ಮಾತು. ವಿಂಡೋಸ್ 7ಕ್ಕೆ ಸುರಕ್ಷತೆಯ ಅಪ್‌ಡೇಟ್‌ಗಳು ಸಾಮಾನ್ಯ ಬಳಕೆದಾರರಿಗೆ 2020ರ ಜನವರಿ 14ಕ್ಕೆ ನಿಂತಿವೆ. ಊರಿನ ಪೆನ್‌ಡ್ರೈವ್‌ಗಳೆಲ್ಲ ಆ ಯಂತ್ರಕ್ಕೆ ಬೀಳುತ್ತಿವೆ ಎಂದು ಓದಿ ನನಗೆ ಚಿಂತೆಯಾಯಿತು. ಹದಿನೈದು ವರ್ಷದ ಕಡತಗಳ ಒಂದು ಪ್ರತಿಯನ್ನು ಈ ವಾರವೇ ಹೊರಗಿನ ಹಾರ್ಡ್ ಡಿಸ್ಕಿಗೆ ತೆಗೆದಿಡಿ.


ಡಿಟಿಪಿ ಅಂಗಡಿಯವರು, ರಾಣೆಬೆನ್ನೂರು

ಹತ್ತು ದಿನ ಬಳಸಿ ನೋಡಿ ಬರೆಯುತ್ತಿದ್ದೇನೆ. ಹಿಂಭಾಗದ ಪೋರ್ಟಿಗೆ ಹಾಕಿದ ಮೇಲೆ ಮೌಸ್ ಒಮ್ಮೆಯೂ ನಿಂತಿಲ್ಲ. ತಂತಿ ಗಿಡ್ಡವಾಯಿತು, ಆದ್ದರಿಂದ ಸಿಪಿಯು ಪೆಟ್ಟಿಗೆಯನ್ನು ಒಂದು ಗೇಣು ಈಚೆಗೆ ಸರಿಸಿದ್ದೇನೆ. ಗಾಜಿನ ಮೇಲೆ ಉಳಿದಿದ್ದ ಕಾರ್ಡಿನ ರಟ್ಟೊಂದನ್ನು ಹಿಂಬದಿ ಮೇಲಾಗಿ ಇಟ್ಟು ನಾಲ್ಕೂ ಮೂಲೆಗೆ ಟೇಪ್ ಅಂಟಿಸಿದೆ. ಪೇಂಟ್‌ನಲ್ಲಿ ಗೆರೆ ಈಗ ಅಳತೆಪಟ್ಟಿ ಹಿಡಿದು ಎಳೆದಂತೆ ಬರುತ್ತದೆ. ಶಿರಸಿಯ ಮೇಡಂ ಹೇಳಿದಂತೆ ಪ್ರಿಸಿಷನ್ ಟಿಕ್ ಹಾಕಿ ಎರಡು ದಿನ ದುಡಿದೆ, ನನ್ನ ಕೈಗೆ ಒಗ್ಗಲಿಲ್ಲ, ತೆಗೆದೆ. ಆದರೆ ಶಿಫ್ಟ್ ಮತ್ತು ಬಲಬಾಣದ ದಾರಿ ಕೈಗೆ ಹತ್ತಿದೆ. ಹೆಸರು ಬದಲಿಸುವ ಕೆಲಸದಲ್ಲಿ ಇನ್ನು ಮೌಸ್ ಮುಟ್ಟುವುದಿಲ್ಲ. ಕಡತಗಳ ಪ್ರತಿ ತೆಗೆಯುವ ಕೆಲಸ ಅರ್ಧ ಆಗಿದೆ, ಭಾನುವಾರ ಮುಗಿಸುತ್ತೇನೆ.

ಹಳೆಯ ಮೌಸನ್ನು ನಮ್ಮೂರಿನ ರೇಡಿಯೋ ರಿಪೇರಿಯವರ ಹತ್ತಿರ ಒಯ್ದು ಬಲಗುಂಡಿಯ ಸ್ವಿಚ್ಚನ್ನು ಎಡಕ್ಕೆ ಹಾಕಿಸಿದೆ. ಗೆರೆ ಕಡಿಯುತ್ತಿಲ್ಲ. ಅದು ಆಪತ್ಕಾಲಕ್ಕೆಂದು ಡ್ರಾಯರ್‌ನಲ್ಲಿದೆ. ನಾನಿಲ್ಲದಾಗ ಹುಡುಗ ತಡಕಾಡಬಾರದೆಂದು ಒಂದು ಚೀಟಿ ಬರೆದು ಗಾಜಿನ ಕೆಳಗೆ ದರಪಟ್ಟಿಯ ಪಕ್ಕದಲ್ಲಿ ಸೇರಿಸಿದ್ದೇನೆ: ‘ವೇಗ ಐದನೆಯ ಗೀಟು. ಪ್ರಿಸಿಷನ್ ಬೇಡ. ಸ್ನ್ಯಾಪ್ ಟು ಬೇಡ. ಮೌಸ್ ಹಿಂದಿನ ಪೋರ್ಟಿಗೆ. ಹಸಿರು ಪಿನ್ನಿನದಾದರೆ ಯಂತ್ರ ಆರಿಸಿ ಹಾಕು.’